ಮನೆ ನೋಡಲು ಹೊರಟ ನಿಯೋಗ

ಭಟ್ಕಳದಲ್ಲಿ ರೈಲಿನಿಂದ ಇಳಿದಾಗ ಬಿಸಿಲು ಇನ್ನೂ ಸರಿಯಾಗಿ ಏರಿರಲಿಲ್ಲ, ಆದರೆ ಸೆರಗು ಆಗಲೇ ಬೆನ್ನಿಗೆ ಅಂಟಿತ್ತು. ಫೆಬ್ರುವರಿ ಮುಗಿಯುತ್ತ ಬಂದಿತ್ತು. ಅಂಕೋಲೆಯಿಂದ ಬೆಳಗಿನ ರೈಲಿಗೆ ಹತ್ತಿದ್ದೆ. ಕೂರಲು ಜಾಗ ಸಿಕ್ಕಿತ್ತಾದರೂ ನನ್ನ ಮಂಡಿನೋವು ಟಿಕೆಟಿಲ್ಲದೆ ಜೊತೆಗೇ ಬಂದಿತ್ತು. ನಿಲ್ದಾಣದ ಹೊರಗೆ ನಿಂತಿದ್ದ ರಿಕ್ಷಾದವನು ಪೇಟೆಗೆ ದುಬಾರಿ ದರ ಹೇಳಿದ. ಚೌಕಾಸಿ ಮಾಡುವ ತ್ರಾಣ ಇರಲಿಲ್ಲ, ಹತ್ತಿ ಕುಳಿತೆ.

ಹೋದ ಕೆಲಸ ಇದು. ಯುರೋಪಿನ ಒಂದು ಪಟ್ಟಣದಲ್ಲಿ ಏಪ್ರಿಲ್ ತಿಂಗಳು ನಾನಾ ದೇಶಗಳ ರಾಜಕೀಯ ಯುವಜನ ಸಂಘಟನೆಗಳೆಲ್ಲ ಸೇರಿ ಉತ್ಸವ ನಡೆಸುವುದಿತ್ತು. ಹತ್ತು ದಿನ ಭಾಷಣ, ಚರ್ಚೆ, ಮೆರವಣಿಗೆ, ಸಂಜೆ ಹಾಡು ಕುಣಿತ. ನಮ್ಮ ರಾಜ್ಯದ ನಿಯೋಗದಲ್ಲಿ ಕರಾವಳಿಗೆ ಮೂರು ಜಾಗ ಬಂದಿತ್ತು. ಮೂರೂ ಹೆಣ್ಣುಮಕ್ಕಳಿಗೇ ಇರಲಿ ಎಂದು ನಾವು ಹಟ ಹಿಡಿದಿದ್ದೆವು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಸಂಘಟನೆಯ ಜಿಲ್ಲಾ ಘಟಕಕ್ಕೆ ಮಾರ್ಗದರ್ಶಕಿ ಎಂದು ನನ್ನನ್ನು ಕರೆಯುತ್ತಾರೆ. ಅದರ ಅರ್ಥ, ಯುವಜನರು ಯಾರೂ ಒಪ್ಪದ ಕೆಲಸವನ್ನು ಅರವತ್ತು ದಾಟಿದವಳು ಮಾಡಬೇಕು ಎಂದು.

ಭಟ್ಕಳದ ಸುಮಯ್ಯಾ ಕಾನೂನು ಓದುತ್ತಿದ್ದಳು. ಮಂಕಿಯ ನಾಗವೇಣಿ ಬಿ.ಎ. ಮುಗಿಸಿ ತಾಯಿಯ ಜೊತೆ ಮೀನು ಒಣಗಿಸುವ ಕೆಲಸ ಮಾಡುತ್ತಿದ್ದಳು. ಕುಮಟಾ ತಾಲೂಕಿನ ಕಾಗಾಲದ ದೇವಕಿ ಗದ್ದೆ ಕೆಲಸದ ಮನೆಯವಳು. ಮೂವರಿಗೂ ಪಾಸ್‌ಪೋರ್ಟ್ ಬಂದಿತ್ತು, ಬಾರದೇ ಇದ್ದದ್ದು ಮನೆಯ ಒಪ್ಪಿಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮರುದಿನ ಸಂಜೆಯೊಳಗೆ ಹೆಸರು ಕಳಿಸಬೇಕಿತ್ತು. ಇವರಲ್ಲಿ ನಾಗವೇಣಿ ಹೋಗಲೇಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ದಡದಲ್ಲಿ ಮೀನು ಒಣಗಿಸುವ ಜಾಗ ತೆರವು ಮಾಡಿ ಎಂಬ ಮಾತು ಬಂದಾಗ ತಾಲೂಕು ಕಚೇರಿಯ ಮುಂದೆ ಮೈಕಿಲ್ಲದೆ ಮಾತಾಡಿದವಳು ಅವಳು. ಆ ದಿನ ಹಿಂದೆ ನಿಂತಿದ್ದ ಪೊಲೀಸರೂ ಕೇಳುತ್ತ ನಿಂತುಬಿಟ್ಟಿದ್ದರು.

ಸುಮಯ್ಯಾಳ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಅವಳ ತಾಯಿ ಜುಬೇದಾ ನನ್ನನ್ನು ಒಳಗೆ ಕರೆದು ಫ್ಯಾನಿನ ಕೆಳಗೇ ಕೂರಿಸಿದರು. ಆ ಒಂದು ಉಪಕಾರಕ್ಕೆ ಅವರು ಇಲ್ಲ ಎಂದರೂ ನಾನು ಬೇಸರ ಪಡುತ್ತಿರಲಿಲ್ಲ. ಚಹಾ ಕೊಟ್ಟ ಮೇಲೆ ವಿಷಯಕ್ಕೆ ಬಂದರು.

"ಟೀಚರ್, ಸುಮಯ್ಯಾ ಒಬ್ಬಳೇ ಅಂದ್ರೆ ನಾನು ಕಳಿಸೋದಿಲ್ಲ. ಇನ್ನಿಬ್ಬರು ಹುಡುಗಿಯರು ಬರ್ತಾರೆ ಅಂದ್ರೆ ನಂದೂ ಹೂಂ. ಅವರ ಮನೆಯಲ್ಲಿ ಒಪ್ಪಿದ್ದಾರಾ?"

"ಒಪ್ಪುತ್ತಾರೆ."

"ಒಪ್ಪಿದ ಮೇಲೆ ಹೇಳಿ," ಎಂದು ನಕ್ಕರು. ಸುಮಯ್ಯಾ ಬಾಗಿಲ ಹತ್ತಿರ ನಿಂತಿದ್ದಳು. ಓದು ಹೇಗೆ ನಡೆದಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದಳು. ಅಷ್ಟಕ್ಕೆ ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಹೆದ್ದಾರಿಯಲ್ಲಿ ಹೊನ್ನಾವರದ ಬಸ್ಸು ಸಿಕ್ಕಿತು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟು. ಪುಕ್ಕಟೆ ಎಂದಮೇಲೆ ಸೀಟು ಸಿಗುವುದುಂಟೇ, ಮುರ್ಡೇಶ್ವರದ ಕ್ರಾಸಿನವರೆಗೂ ನಿಂತೇ ಬಂದೆ. ಅಲ್ಲಿ ಇಳಿದವರ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿದ್ದಷ್ಟೇ, ಕಂಡಕ್ಟರು "ಮಂಕಿ, ಮಂಕಿ" ಎಂದು ಕೂಗಿದ.

ರಸ್ತೆಯಿಂದ ದಡದವರೆಗೆ ತೆಂಗಿನ ತೋಟಗಳ ನಡುವೆ ನಡೆಯಬೇಕು. ವಾಸನೆಯೇ ದಾರಿ ತೋರಿಸುತ್ತದೆ. ಹಳೆಯ ಬಲೆಗಳನ್ನು ಮರಳಿನ ಮೇಲೆ ಹಾಸಿ ತಾರ್ಲೆ ಮೀನು ಹರವಿದ್ದರು. ನಾಗವೇಣಿಯ ತಾಯಿ ಮಾದೇವಿ ಕಾಗೆ ಓಡಿಸುತ್ತ ಕುಳಿತಿದ್ದಳು. ನನ್ನನ್ನು ಕಂಡದ್ದೇ ಮಗಳನ್ನು ಕರೆದು ಕೋಲು ಅವಳ ಕೈಗೆ ಕೊಟ್ಟು, ನನ್ನನ್ನು ನೆರಳಿಗೆ ಕರೆದೊಯ್ದಳು.

"ಜೊತಿಗೆ ಯಾರು, ಅಕ್ಕೋರೆ?"

ಭಟ್ಕಳದ ಸುಮಯ್ಯಾ, ಕಾಗಾಲದ ದೇವಕಿ ಎಂದೆ.

"ಬಟ್ಕಳದವ್ರ ಸುದ್ದಿ ಆಮೇಲೆ ನೋಡ್ವ. ಕಾಗಾಲದವ್ರು ಎಂತವ್ರು?"

"ಒಳ್ಳೆಯವರು."

"ಒಳ್ಳೇರು ಅಂತ ಎಲ್ರೂ ಹೇಳೂದೇ. ಹೆಣ್ಣು ಕೊಡೂಕೆ ಮುಂಚೆ ಮನೆ ನೋಡೂದಿಲ್ವ? ಹತ್ತು ದಿನ ಒಂದೇ ಕೋಣೇಲಿ ಮಲಗೂರು. ಮನೆ ನೋಡ್ದೆ ನಾ ಹೆಂಗೆ ಹೂಂ ಅನ್ನೂದು?"

ಇದು ಮದುವೆಯಲ್ಲ, ಉತ್ಸವ ಎಂದು ಹೇಳಿ ನೋಡಿದೆ. ಮಾದೇವಿ ನಾನು ಮುಗಿಸುವವರೆಗೆ ಕಾದು, "ಇವತ್ತೇ ಹೋಗ್ವ. ಬೇರೆ ಸೀರೆ ಉಟ್ಕಂಡು ಬರ್ತೆ," ಎಂದು ಒಳಗೆ ಹೋದಳು. ನಾಗವೇಣಿ ದೂರದಿಂದ ನಮ್ಮನ್ನೇ ನೋಡುತ್ತಿದ್ದಳು. ನಾನೂ ಬರುತ್ತೇನೆ ಎಂದಳಂತೆ, ಮೀನು ತಿರುವಿ ಹಾಕುವವರು ಯಾರು ಎಂದು ತಾಯಿ ಬಿಟ್ಟುಬಂದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವರು ಒಂದು ನಿಯೋಗ ಕಟ್ಟಿ ನೋಡಿರಲಿಲ್ಲ.

ಮಾದೇವಿಯ ಜೊತೆ ಪ್ರಯಾಣ ಮಾಡುವುದು ಸುಲಭ. ಅವಳು ಮಾತಾಡುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ. ಶರಾವತಿ ಸೇತುವೆಯ ಮೇಲೆ ಮಾತ್ರ ಕಿಟಕಿಗೆ ಬಾಗಿ ಯಾವ ಯಾವ ದೋಣಿ ಬಂದಿದೆ ಎಂದು ನೋಡಿದಳು. ಹೊನ್ನಾವರ ಬಸ್ ನಿಲ್ದಾಣದಲ್ಲಿ ಬನ್ಸು ತಿಂದು ಚಹಾ ಕುಡಿದೆವು. ಕುಮಟೆಯವರೆಗೆ ಧೂಳು, ಲಾರಿಗಳ ಸಾಲು, ಅರ್ಧ ಕಟ್ಟಿದ ಮೇಲ್ಸೇತುವೆ. ಕುಮಟೆಯಲ್ಲಿ ಕಾಗಾಲದ ಬಸ್ಸಿಗೆ ಕಾದು ಕಾದು ನನಗೆ ಕಂಬಕ್ಕೆ ಒರಗಿ ತೂಕಡಿಕೆ ಬಂತು. ಮಾದೇವಿ ಬಸ್ಸು ಬಂದಾಗ ತೋಳು ಹಿಡಿದು ಎಬ್ಬಿಸಿದಳು.

ಕಾಗಾಲ ತಲುಪಿದಾಗ ಬಿಸಿಲು ಇಳಿದಿತ್ತು. ಗಜನಿ ಗದ್ದೆಗಳಲ್ಲಿ ಅಘನಾಶಿನಿಯ ಉಪ್ಪುನೀರು ತುಂಬಿ ನಿಂತಿತ್ತು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಅದೇ ಜಾಗದಲ್ಲಿ ಈಗ ಸಿಗಡಿ ಹಿಡಿಯುತ್ತಾರೆ. ದೇವಕಿಯ ಅಜ್ಜಿ ಮಂಕಾಳಿ ಅಂಗಳದಲ್ಲಿ ಕುಳಿತಿದ್ದಳು. ಮನೆಯಲ್ಲಿ ಅವಳ ಮಾತೇ ಕೊನೆಯದು. ದೇವಕಿ ತಾಮ್ರದ ಚೊಂಬಿನಲ್ಲಿ ನೀರು, ಬೆಲ್ಲ ತಂದಿಟ್ಟಳು.

ನಾನು ಕೈ ಚಾಚಿದೆ. ಮಾದೇವಿ ಕಣ್ಣಲ್ಲೇ ತಡೆದಳು. ಸಂಬಂಧದ ಮಾತಿಗೆ ಬಂದವರು ಒಪ್ಪಿಗೆಯಾಗುವವರೆಗೆ ಆ ಮನೆಯಲ್ಲಿ ಬಾಯಿ ಸಿಹಿ ಮಾಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಆ ಕಟ್ಟು ನನ್ನ ಬಾಯಾರಿಕೆಗೂ ಅನ್ವಯಿಸುತ್ತದೆ ಎಂದು ತಿಳಿದಿರಲಿಲ್ಲ. ಮಾದೇವಿ ಎದ್ದು ಬಾವಿ ನೋಡಿದಳು. ಕೊಟ್ಟಿಗೆ, ಬಚ್ಚಲು, ಒಲೆ ನೋಡಿದಳು. ದೇವಕಿ ಎಲ್ಲಿ ಮಲಗುತ್ತಾಳೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು ಕೇಳಿದಳು. ಮಂಕಾಳಜ್ಜಿ ಬೇಸರಿಸದೆ ಹಿಂದೆ ಹಿಂದೆಯೇ ನಡೆದು ಎಲ್ಲ ತೋರಿಸಿದಳು. ನಾನು ಚೊಂಬನ್ನು ನೋಡುತ್ತ ಕುಳಿತಿದ್ದೆ. ಕೊನೆಗೆ ಮಾದೇವಿ ಬಂದು ಜಗಲಿಯಲ್ಲಿ ಕುಳಿತು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಳು. ಆ ಚೊಂಬಿನಲ್ಲಿ ಮುಕ್ಕಾಲು ಪಾಲು ನಾನೇ ಕುಡಿದೆ.

"ಆತಲ್ಲ," ಎಂದಳು ಅಜ್ಜಿ. "ನೀವು ನಮ್ಮನೆ ನೋಡ್ದ್ರಿ. ನಾವು ನಿಮ್ಮನೆ ನೋಡೂದು ಬ್ಯಾಡ್ವ?"

ಮಾದೇವಿಗೆ ಇದು ಪೂರಾ ಸರಿ ಎನ್ನಿಸಿತು. "ನಾಳೆ ಬನ್ನಿ," ಎಂದಳು.

ಆ ಮನೆಯಲ್ಲೇ ಉಳಿದೆವು. ಊಟಕ್ಕೆ ಕಗ್ಗದ ಕೆಂಪಕ್ಕಿ ಅನ್ನ, ಸಿಗಡಿ ಸಾರು. ದೇವಕಿ ಹೊಳೆಯ ನೀರು ತಡೆಯುವ ಗಜನಿಯ ಕಟ್ಟು ಒಡೆದ ಕಥೆ ಹೇಳತೊಡಗಿದಳು. ಯಾರು ದುರಸ್ತಿ ಮಾಡಬೇಕು, ಯಾರು ಮಾಡುತ್ತಿಲ್ಲ, ಕಟ್ಟು ಹೋದರೆ ಎಷ್ಟು ಮನೆಯ ಬಾವಿಗೆ ಉಪ್ಪುನೀರು ನುಗ್ಗುತ್ತದೆ ಎಂದು ಉದ್ದಕ್ಕೆ ಹೇಳುತ್ತಿದ್ದಳು. ನನಗೆ ಕಣ್ಣು ಎಳೆಯುತ್ತಿತ್ತು. "ಅದಿರಲಿ, ಒಂದು ಹಾಡು ಹೇಳು ದೇವಕಿ. ಅಲ್ಲಿ ಹಾಡಬೇಕಾಗುತ್ತದೆ," ಎಂದೆ. ರಾಜ್ಯ ಸಮಿತಿಯವರೂ ಜಾನಪದ ಹಾಡುವ ಹುಡುಗಿಯನ್ನು ಮರೆಯಬೇಡಿ ಎಂದು ಬರೆದಿದ್ದರು. ದೇವಕಿ ಕಟ್ಟಿನ ಮಾತು ಅಲ್ಲಿಗೇ ಬಿಟ್ಟು, ಅಜ್ಜಿ ಕಲಿಸಿದ್ದನ್ನು ನಾಲ್ಕು ಸಾಲು ಹಾಡಿದಳು. ನಾನು ಮೂರನೆಯ ಸಾಲಿಗೆ ನಿದ್ದೆ ಹೋದೆ.

ಎರಡನೆಯ ದಿನ ಬಸ್ಸಿನಲ್ಲಿ ನಾವು ನಾಲ್ವರು: ನಾನು, ಮಾದೇವಿ, ಮಂಕಾಳಜ್ಜಿ, ದೇವಕಿ. ಅಜ್ಜಿ ಆಧಾರ್ ಕಾರ್ಡು ಬಿಟ್ಟು ಬಂದಿದ್ದಳು. "ನನ್ನ ಮುಖ ಕಂಡ್ರೆ ಗೊತ್ತಾಗೂದಿಲ್ವ ನಾ ಹೆಂಗಸು ಅಂತ?" ಎಂದು ಕಂಡಕ್ಟರನ್ನು ಕೇಳಿದಳು. ಅವನು ನಗುತ್ತಲೇ ಟಿಕೆಟು ಹರಿದು ದುಡ್ಡು ತೆಗೆದುಕೊಂಡ. ಹೊನ್ನಾವರದವರೆಗೂ ಅಜ್ಜಿ ಅವನನ್ನು ಬಯ್ಯುತ್ತ ಬಂದಳು.

ಮಂಕಿಯಲ್ಲಿ ಅಜ್ಜಿ ಮನೆಯೊಳಗೆ ಹೆಚ್ಚು ಹೊತ್ತು ಕಳೆಯಲಿಲ್ಲ. ನೆಟ್ಟಗೆ ದಡಕ್ಕೆ ಹೋಗಿ ಒಣಗಿದ ಒಂದು ಮೀನು ಎತ್ತಿ ಮೂಸಿ, ಮುರಿದು ನೋಡಿ, "ಇವ್ರು ಕಲ್ಲುಮಣ್ಣು ಸೇರ್ಸೂರಲ್ಲ," ಎಂದು ತೀರ್ಪು ಕೊಟ್ಟಳು. ಬೆಲ್ಲ ತಿಂದಾಯಿತು. ನನ್ನ ಪಾಲಿಗೆ ಕೆಲಸ ಮುಗಿಯಿತು, ಜುಬೇದಾರಿಗೆ ಫೋನು ಮಾಡಿದರಾಯಿತು ಎಂದುಕೊಂಡು ಚಾಪೆಯ ಮೇಲೆ ಕಾಲು ಚಾಚಿದೆ.

"ಬಟ್ಕಳದ ಮನೆ?" ಎಂದಳು ಅಜ್ಜಿ.

ಪಕ್ಕದ ಮನೆಯವಳು ಬೇಲಿಯಾಚೆಯಿಂದಲೇ, "ಅಲ್ಲಿಗೆಲ್ಲ ನೀ ಎಂತಕ್ಕೆ ಹೋಗೂದು ಮಾದೇವಿ?" ಎಂದಳು. ಮಾದೇವಿ ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತ ನಿಂತಳು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ನಮ್ಮ ಕರಾವಳಿಯ ಎಲ್ಲರ ಮನಸ್ಸಿನಲ್ಲೂ ಅದು ಅಷ್ಟೋ ಇಷ್ಟೋ ಇದೆ, ಅದರ ಬಗ್ಗೆ ಭಾಷಣ ಮಾಡಿ ಮಾಡಿ ನನಗೂ ಸಾಕಾಗಿದೆ. ಕಾಗಾಲದ ಹುಡುಗಿ ಇದ್ದಾಳಲ್ಲ, ಮೂರನೆಯವಳು ಯಾರಾದರೇನು ಎಂದು ಅವಳು ಲೆಕ್ಕ ಹಾಕಿದ್ದಳು.

"ಎರಡು ಮನೆ ನೋಡಿ ಮೂರನೇದು ಬಿಟ್ರೆ ಅವ್ರಿಗೆ ಎಂತ ಕಾಣ್ಬೇಕು?" ಎಂದಳು ಅಜ್ಜಿ. ಹೀಗೆ ನಾವು ಮತ್ತೆ ಹೊರಟೆವು. ಈ ಸಲ ನಾಗವೇಣಿಯೂ ಬಂದಳು, ಮೀನನ್ನು ಪಕ್ಕದ ಮನೆಯವಳಿಗೇ ಒಪ್ಪಿಸಿ.

ಮಧ್ಯಾಹ್ನದ ಬಿಸಿಲಿನಲ್ಲಿ ಐದು ಹೆಂಗಸರು ಓಣಿಯಲ್ಲಿ ಬರುವುದನ್ನು ಕಂಡು ಜುಬೇದಾ ಗಾಬರಿಯಾದರು. ವಿಷಯ ತಿಳಿದ ಮೇಲೆ ತಾವಾಗಿಯೇ ಒಳಬಾಗಿಲು ತೆರೆದು, "ಬನ್ನಿ, ನೋಡಿ," ಎಂದರು. ಮಾದೇವಿ ಹೊಸ್ತಿಲಲ್ಲೇ ತಡೆದಳು. ಅಜ್ಜಿ ಮುಂದಾಗಿ ನಡೆದಳು. ಅಡುಗೆ ಕಟ್ಟೆಯ ಮೇಲೆ ಬಂಗಡೆ ಇತ್ತು. ಅದನ್ನು ಕಂಡದ್ದೇ ಮಾದೇವಿಗೆ ನಾಲಿಗೆ ಬಂತು. ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಇದು ನಿನ್ನೆಯದು, ನಿಮಗೆ ಮೋಸವಾಗಿದೆ ಎಂದು ಮೀನುಪೇಟೆಯ ಕೊಂಕಣಿಯಲ್ಲಿ ಶುರುಮಾಡಿದಳು. ಜುಬೇದಾ ತಮ್ಮ ನವಾಯತಿಯಲ್ಲಿ ಉತ್ತರ ಕೊಟ್ಟರು. ಎರಡೂ ಒಂದಕ್ಕೊಂದು ಸಾಕಷ್ಟು ಹತ್ತಿರದ ಮಾತು. ಹತ್ತು ನಿಮಿಷದಲ್ಲಿ ಇಬ್ಬರೂ ಆ ಮೀನು ಮಾರಿದವಳನ್ನು ಬಯ್ಯುತ್ತಿದ್ದರು. ಜುಬೇದಾ ಮೂವರು ಹುಡುಗಿಯರಿಗೂ ಮಲ್ಲಿಗೆ ದಂಡೆ ಕೊಟ್ಟರು, ತಟ್ಟೆಯಲ್ಲಿ ಹಲ್ವಾ ಇಟ್ಟರು. ಮಾದೇವಿ ಒಂದು ತುಂಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕುಳಿತು, ಆಮೇಲೆ ತಿಂದಳು. ನನಗೆ ಅಳು ಬರುವಷ್ಟು ನಿರಾಳವಾಯಿತು.

ಆಗಲೇ ಬೆಂಗಳೂರಿನಿಂದ ಫೋನು ಬಂತು. ಕರಾವಳಿಗೆ ಇನ್ನು ಎರಡೇ ಜಾಗ. ಒಂದನ್ನು ಸಮಿತಿಯ ಹಿರಿಯರೊಬ್ಬರ ಮಗನಿಗೆ ಕೊಡಬೇಕಾಯಿತು, ನೀವು ಅನುಭವಸ್ಥರು, ಹೊಂದಿಸಿಕೊಳ್ಳಿ ಎಂದರು. ನಾನು ಸಿಟ್ಟಿನಿಂದ ನಾಲ್ಕು ಮಾತಾಡಿದೆ. ಆ ಕಡೆಯವರು ನನ್ನ ಸಿಟ್ಟು ಮುಗಿಯಲೆಂದು ಕಾದು, ಸಂಜೆಯೊಳಗೆ ಎರಡು ಹೆಸರು ಎಂದು ಹೇಳಿ ಇಟ್ಟರು. ಇಂಥದ್ದು ನನಗೆ ಹೊಸದಲ್ಲ. ಹೊಸದಲ್ಲ ಎಂಬುದೇ ನನ್ನನ್ನು ಹೆಚ್ಚು ದಣಿಸಿತು.

ಒಳಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊದಲು ಅಜ್ಜಿ ಮಾತಾಡಿದಳು. "ಮಾತು ಕೊಟ್ಟು, ಸಿಹಿ ತಿಂದಾದ ಮೇಲೆ ಒಂದು ಮನೆ ಬಿಡೂದು ಅಂದ್ರೆ ಎಂತ? ಹೋದ್ರೆ ಮೂರೂ ಹೋಗ್ಲಿ. ಇಲ್ದಿರೆ ಯಾರೂ ಬ್ಯಾಡ." ಜುಬೇದಾ ತಲೆಯಾಡಿಸಿದರು. ಮಾದೇವಿಯೂ, "ಹೌದು, ಮರ್ಯಾದಿ ಅದೇ," ಎಂದಳು. ಎರಡು ದಿನ ಬಸ್ಸಿನಲ್ಲಿ ಕುಲುಕಾಡಿ ನಾನು ಕಟ್ಟಿದ ಒಗ್ಗಟ್ಟು ನನ್ನ ಕೆಲಸವನ್ನೇ ಕೆಡಿಸಲು ನಿಂತಿತ್ತು.

"ನಂಗೆ ಹೋಗ್ಬೇಕು," ಎಂದಳು ನಾಗವೇಣಿ.

ಎಲ್ಲರೂ ತಿರುಗಿ ನೋಡಿದೆವು. ಗೋಡೆಗೆ ಒರಗಿ ನಿಂತಿದ್ದಳು, ಮುಖ ಕೆಂಪಾಗಿತ್ತು.

"ಮರ್ಯಾದಿ ನಿಮ್ದು. ಹೋಗೂದು ನಾವು. ಬಾವಿ ನೋಡ್ದ್ರಿ, ಕೊಟ್ಟಿಗೆ ನೋಡ್ದ್ರಿ, ಮೀನು ಮುರಿದು ನೋಡ್ದ್ರಿ. ನಮ್ಮ ಮೂರೂ ಜನಕ್ಕೆ ಕೂರ್ಸಿ ಎಂತ ಮಾಡ್ವ ಅಂತ ಯಾರಾದ್ರೂ ಕೇಳ್ದ್ರಾ? ಅಕ್ಕೋರೆ, ನೀವು ಕೇಳ್ದ್ರಾ?"

ನಾನು ಕೇಳಿರಲಿಲ್ಲ. ಯುವಜನರ ನಿಯೋಗ ಕಟ್ಟಲು ಹೊರಟವಳು ಎರಡು ದಿನವೂ ಅಮ್ಮಂದಿರ ಜೊತೆಗೇ ಮಾತಾಡಿದ್ದೆ. ಮಾದೇವಿ ತಲೆ ಎತ್ತಲಿಲ್ಲ. ಬೇರೆ ಎರಡು ಮನೆಯವರ ಮುಂದೆ ಮಗಳು ತನಗೇ ಬೇಕು ಎಂದದ್ದು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಗಿತ್ತು. ಸುಮಯ್ಯಾ ಬಂದು ನಾಗವೇಣಿಯ ಪಕ್ಕ ನಿಂತು, "ನನಗೂ ಹೋಗಬೇಕು. ನೀವೆಲ್ಲ ಸ್ವಲ್ಪ ಹೊರಗೆ ಕೂತಿರಿ," ಎಂದಳು.

ನಾವು ನಾಲ್ಕು ಜನ ಹಿರಿಯರು ಹೊರಗಿನ ಜಗಲಿಯಲ್ಲಿ ಕುಳಿತೆವು. ಒಳಗೆ ಒಮ್ಮೆ ದನಿ ಏರಿತು, ಒಮ್ಮೆ ಯಾರೋ ಅತ್ತ ಹಾಗೆ ಕೇಳಿಸಿತು. ಜುಬೇದಾ ಏಳಲು ಹೋದರು. ಅಜ್ಜಿ ಕೈ ಹಿಡಿದು ಕೂರಿಸಿದಳು. ಬಾಗಿಲು ತೆರೆದು ಬಂದವಳು ದೇವಕಿ.

"ಇವ್ರಿಬ್ರೂ ಹೋಗ್ತ್ರು," ಎಂದಳು. "ನಂಗೆ ಹೋಗೂದು ಬ್ಯಾಡ."

"ಯಾರು ಬ್ಯಾಡ ಅಂದ್ರು?" ಎಂದಳು ಅಜ್ಜಿ.

"ನಾನೇ. ಅವ್ರಿಬ್ರಿಗೆ ಅಲ್ಲಿ ಮಾತಾಡೂಕೆ ಬಿಡ್ತ್ರು. ನಂಗೆ ಹಾಡು ಅಂತ್ರು. ಕಟ್ಟು ಒಡೆದದ್ದು ಹೇಳೂಕೆ ಹೋದ್ರೆ, ಅದಿರ್ಲಿ, ಹಾಡು ಅಂತ್ರು." ನನ್ನನ್ನು ನೋಡದೆ ಹೇಳಿದಳು. "ಹಾಡೂಕೆ ನಂಗೆ ಅಷ್ಟು ದೂರ ಹೋಗ್ಬೇಕಂತಿಲ್ಲ."

ನನಗೆ ನಾಚಿಕೆಯಾಯಿತು. ನೀನೂ ಮಾತಾಡುವಂತೆ ನಾನು ನೋಡಿಕೊಳ್ಳುತ್ತೇನೆ ಎನ್ನಬಹುದಿತ್ತು. ಆದರೆ ಹಾಗೆ ನೋಡಿಕೊಳ್ಳುವ ಶಕ್ತಿ ನನಗಿಲ್ಲವೆಂದು ಅರ್ಧ ಗಂಟೆಯ ಹಿಂದಿನ ಫೋನೇ ಹೇಳಿತ್ತು. "ಕಟ್ಟಿನ ವಿಷಯ ನಾನು ಹೇಳ್ತೇನೆ. ಅವಳು ಬರೆದುಕೊಡ್ತಾಳೆ," ಎಂದಳು ಸುಮಯ್ಯಾ. ಅವಳ ಕಣ್ಣು ಒದ್ದೆಯಾಗಿತ್ತು. ಅಜ್ಜಿ ದೇವಕಿಯ ಮುಖವನ್ನೇ ನೋಡಿ, "ಆತು. ಅವ್ಳಿಗೆ ಬ್ಯಾಡ ಅಂದ್ರೆ ಬ್ಯಾಡ," ಎಂದಳು.

ಉಳಿದದ್ದು ಮಾದೇವಿ. ಅವಳು ಹೂಂ ಎಂದದ್ದು ಕಾಗಾಲದ ಮನೆ ನಂಬಿ. ಈಗ ಆ ಹುಡುಗಿ ಇಲ್ಲ. ಮಗಳು ಹೋಗುವುದಾದರೆ ಭಟ್ಕಳದ ಹುಡುಗಿಯ ಜೊತೆ ಮಾತ್ರ ಹೋಗಬೇಕು. ಮನೆಗೆ ಹೋಗಿ ಹೇಳ್ತೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು. ಹಾಗೆ ಹೇಳಿದವರು ಮನೆಯಿಂದ ಏನು ಹೇಳುತ್ತಾರೆಂದು ಇಷ್ಟು ವರ್ಷದಲ್ಲಿ ನಾನು ಕಲಿತಿದ್ದೆ.

ಭಟ್ಕಳದಿಂದ ಹೊರಟ ಬಸ್ಸಿನಲ್ಲಿ ಅಜ್ಜಿ, ದೇವಕಿ ಹಿಂದಿನ ಸೀಟು ಹಿಡಿದರು. ನಾಗವೇಣಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಿದ್ದಳು. ಮಾದೇವಿ ನನ್ನ ಪಕ್ಕದಲ್ಲಿದ್ದು ಅವಳ ಜಡೆಯನ್ನೇ ನೋಡುತ್ತಿದ್ದಳು. ಬೆಂಗಳೂರಿಗೆ ಏನು ಹೇಳಲಿ ಎಂದು ಯೋಚಿಸಿದೆ. ಯೋಚನೆ ಮುಂದೆ ಹೋಗಲಿಲ್ಲ. ಒಮ್ಮೆ ಮನೆ ಸೇರಿ ಬಿಸಿನೀರಲ್ಲಿ ಕಾಲಿಟ್ಟರೆ ಸಾಕು, ಉತ್ಸವ ಯಾರಿಗೆ ಬೇಕು ಎನ್ನಿಸಿತ್ತು.

ಮಂಕಿ ಬಂತು. ನಾಗವೇಣಿ ಮೊದಲೇ ಇಳಿದು ಹಿಂತಿರುಗಿ ನೋಡದೆ ನಡೆಯತೊಡಗಿದಳು. ಮಾದೇವಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ನಿಂತು ಕಂಬಿ ಹಿಡಿದು ನನ್ನತ್ತ ತಿರುಗಿದಳು.

"ಅಕ್ಕೋರೆ, ಅಲ್ಲಿ ಚಳಿ ಎಷ್ಟು?"

"ಬಹಳ. ಏಪ್ರಿಲಿನಲ್ಲೂ ಚಳಿ ಇರುತ್ತದಂತೆ."

"ಸ್ವೆಟರು ನಮ್ಮ ಕಡೆ ಎಲ್ಲೂ ಸಿಕ್ಕೂದಿಲ್ಲ. ಬಟ್ಕಳ ಪೇಟೇಲಿ ಪರದೇಶದ್ದೆಲ್ಲ ಬರ್ತದೆ ಅಂತ್ರಲ್ಲ. ಆ ಜುಬೇದಕ್ಕನ ನಂಬರು ಕೊಡಿ. ನಾಡಿದ್ದು ಅವ್ರಿಗೇ ಕರ್ಕಂಡು ಹೋಗಿ ತಕಂಡು ಬರ್ತೆ."

ಕಂಡಕ್ಟರು ಸೀಟಿ ಊದಿದ. ಅಜ್ಜಿ ಹಿಂದಿನ ಸೀಟಿನಿಂದ, ಸ್ವಲ್ಪ ತಡಿ ಮಾರಾಯಾ ಎಂದು ಅವನನ್ನು ಗದರಿದಳು. ನಾನು ನಂಬರು ಹೇಳಿದೆ, ಮಾದೇವಿ ತನ್ನ ಪುಟ್ಟ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿಕೊಂಡಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ನೋಡಿದೆ. ನಾಗವೇಣಿ ತೋಟದ ತಿರುವು ತಲುಪಿದ್ದಳು. ಮಾದೇವಿ ಫೋನನ್ನು ಕಿವಿಗಿಟ್ಟುಕೊಂಡು ಅವಳನ್ನು ಹೆಸರು ಹಿಡಿದು ಕರೆಯುತ್ತ, ಬೇಗ ಬೇಗ ಹಿಂದೆ ನಡೆಯುತ್ತಿದ್ದಳು.